ಮಡಿಕೆ ಗೆರೆ

ಟೈಲರಮ್ಮನ ಬಾಯಿಗೆ ಬೀಗವಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಗಿರಾಕಿಯ ಸೊಂಟ ಎರಡು ಬೆರಳು ದಪ್ಪವಾದರೆ ಆ ಸುದ್ದಿ ಗಿರಾಕಿಗಿಂತ ಮೊದಲು ಪಕ್ಕದ ದಿನಸಿ ಅಂಗಡಿಯವನಿಗೆ ತಲುಪುತ್ತಿತ್ತು. ಆದರೆ ಅಷ್ಟು ದೊಡ್ಡ ಬಾಯಿ ಸೊಂಟದಿಂದ ಕೆಳಗಿಳಿದರೆ ಸಾಕು, ಮೂಕವಾಗುತ್ತಿತ್ತು. ಹೊಕ್ಕುಳಿಂದ ತೊಡೆಯವರೆಗಿನ ಹೆಣ್ಣಿನ ದೇಹಕ್ಕೆಲ್ಲ ಅವಳ ಹತ್ತಿರ ಇದ್ದದ್ದು ಒಂದೇ ಹೆಸರು, ಹೊಟ್ಟೆ. ಮುಟ್ಟಾದರೂ ಹೊಟ್ಟೆನೋವು, ಬಸುರಾದರೂ ಹೊಟ್ಟೆ, ಹೆರುವಾಗ ಹರಿದದ್ದೂ ಹೊಟ್ಟೆಯೇ. ತೀರಾ ಬೇರೆ ದಾರಿಯಿಲ್ಲದಿದ್ದರೆ "ಕೆಳಗೆ" ಎಂದು ಗೊಣಗಿ, ಇಲ್ಲದ ಕೆಲಸ ನೆನಪಿಸಿಕೊಂಡು ಎದ್ದು ಹೋಗುತ್ತಿದ್ದಳು.

ಅಂಥವಳ ಅಂಗಡಿಗೆ ಆರೋಗ್ಯ ಕೇಂದ್ರದ ನರ್ಸಮ್ಮ ಬಂದು, ಬಟ್ಟೆಯಲ್ಲಿ ಒಂದು ಗರ್ಭಕೋಶ ಹೊಲಿದುಕೊಡಿ ಎಂದಳು. ಅದೂ ಹೇಗೆ? ಒಂದು ಕೈಚೀಲ ಹೊಲಿದುಕೊಡಿ ಎಂಬಷ್ಟು ಸಲೀಸಾಗಿ. ಹುಡುಗಿಯರಿಗೂ ಹೊಸದಾಗಿ ಮದುವೆಯಾದವರಿಗೂ ಪಾಠ ಹೇಳಲು ಕೇಂದ್ರದಲ್ಲಿ ಪ್ಲಾಸ್ಟಿಕ್ಕಿನದೊಂದು ಮಾದರಿ ಇತ್ತಂತೆ, ಬಿದ್ದು ಒಡೆಯಿತಂತೆ. ಬಟ್ಟೆಯದಾದರೆ ಬಿದ್ದರೂ ಒಡೆಯುವುದಿಲ್ಲ, ಹುಡುಗಿಯರು ಕೈಯಲ್ಲಿ ಹಿಡಿದು ನೋಡಬಹುದು ಎಂದು ನರ್ಸಮ್ಮನ ಲೆಕ್ಕಾಚಾರ. ಕಂದು ಕಾಗದದಲ್ಲಿ ಒಂದೊಂದೇ ತುಂಡನ್ನು ತಾನೇ ಬರೆದು ಕತ್ತರಿಸಿ ತಂದಿದ್ದಳು. ಇದು ಗರ್ಭಕೋಶ, ಇದು ಅದರ ಕೊರಳು, ಇವೆರಡು ಅಂಡನಾಳ, ಈ ಬಾದಾಮಿ ಗಾತ್ರದ್ದು ಅಂಡಾಶಯ, ಇದು ಯೋನಿ, ಹೊರಗಿನ ಈ ಮಡಿಕೆಗಳು ಯೋನಿತುಟಿ, ಮೇಲೆ ಈ ಮೊಗ್ಗು ಚಂದ್ರನಾಡಿ ಎಂದು ಮೇಜಿನ ಮೇಲೆ ಹರಡಿದಳು. ಟೈಲರಮ್ಮ ಬಾಗಿಲ ಕಡೆ ನೋಡಿ, ಯಾವ ಬಟ್ಟೆ, ಎಷ್ಟು ಹತ್ತಿ ಎಂದಷ್ಟೇ ಕೇಳಿದಳು. ನರ್ಸಮ್ಮ ಹಳೆಯ ಗಿರಾಕಿ, ಒಲ್ಲೆ ಎನ್ನುವಂತಿರಲಿಲ್ಲ.

ಇದೆಲ್ಲ ನಡೆಯುವಾಗ ಪರದೆಯ ಆಚೆಗೆ ಟೈಲರಮ್ಮನ ಮಗಳು ಕೂತಿದ್ದಳು. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ಗಂಡ ತೀರಿಹೋದ ಮೇಲೆ ಟೈಲರಮ್ಮ ಇದ್ದೊಬ್ಬ ಮಗಳನ್ನು ಈ ಮಿಷನ್ನಿನ ಸದ್ದಿನಲ್ಲೇ ಸಾಕಿ, ಓದಿಸಿ, ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ಮೆತ್ತಗಿನ ಹುಡುಗನಿಗೆ ಮದುವೆ ಮಾಡಿಕೊಟ್ಟಿದ್ದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಗಳು ಒಂದು ಬ್ಯಾಗು ಹಿಡಿದು ವಾಪಸು ಬಂದು ಕೂತಿದ್ದಳು. ಭಾನುವಾರ ಅಳಿಯ ಕರೆದುಕೊಂಡು ಹೋಗಲು ಬರುತ್ತಾನೆ ಎಂದಾಗ ಮಾತ್ರ ಒಂದು ಮಾತು ಹೇಳಿದ್ದಳು.

"ನಾನು ಹೋಗಲ್ಲ. ಅವರು ಮೊದಲಿನ ಹಾಗಿಲ್ಲ."

ಅಳಿಯ ಯಾಕೆ ಮೊದಲಿನ ಹಾಗಿಲ್ಲ ಎಂಬುದು ಟೈಲರಮ್ಮನಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲೇ ಮಗಳು ಫೋನು ಮಾಡಿ, ಅಮ್ಮಾ ತುಂಬಾ ನೋಯುತ್ತೆ, ಏನೋ ಅಡ್ಡ ಸಿಕ್ಕ ಹಾಗಾಗುತ್ತೆ ಎಂದಿದ್ದಳು. ಎದುರಿಗೆ ಗಿರಾಕಿ ನಿಂತಿದ್ದರು. ಎಲ್ಲರಿಗೂ ನೋಯುತ್ತೆ, ಹಲ್ಲು ಕಚ್ಚಿಕೋ ಎಂದು ಟೈಲರಮ್ಮ ಫೋನು ಇಟ್ಟಿದ್ದಳು. ಗಿರಾಕಿ ಹೋದ ಮೇಲಾದರೂ ತಿರುಗಿ ಮಾಡಬಹುದಿತ್ತು, ಮಾಡಲಿಲ್ಲ. ಮಗಳು ಇನ್ನೊಮ್ಮೆ ಹೇಳಿದಾಗಲೂ ಅದೇ ಉತ್ತರ. ಆಮೇಲೊಂದು ದಿನ ಅಳಿಯನೇ ಬಂದ. ಬಿಸಿ ಬ್ರೆಡ್ಡಿನ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಮುದುಡಿ ಕೂತು, ಅತ್ತೆ, ನಾನು ಹತ್ತಿರ ಹೋದರೆ ಅವಳು ಅಳುತ್ತಾಳೆ, ನನಗೇನೂ ತೋಚುತ್ತಿಲ್ಲ ಎಂದ. ಅವನು ಮುಂದೇನು ಹೇಳಿಬಿಡುತ್ತಾನೋ ಎಂಬ ನಾಚಿಕೆಗೆ ಟೈಲರಮ್ಮ ಅವನ ಮಾತು ಅಲ್ಲಿಗೇ ಕತ್ತರಿಸಿದಳು. "ಹಠಮಾರಿ ಅವಳು. ನೀವು ತೀರಾ ಮೆತ್ತಗಾದ್ರಿ. ಸ್ವಲ್ಪ ಗಟ್ಟಿಯಾಗಿರಿ."

ಹೇಳಿದ್ದು ಇಷ್ಟೇ. ಹೇಳಿ ಮಿಷನ್ನು ತುಳಿದಿದ್ದಳು. ಆ ಮಾತು ಹೊತ್ತು ಹೋದ ಹುಡುಗ ಮನೆಯಲ್ಲಿ ಏನು ಮಾಡಿದ ಎಂದು ಕೇಳುವ ಧೈರ್ಯ ಅವಳಿಗೆ ಇರಲಿಲ್ಲ. ಮಗಳ ಮಣಿಕಟ್ಟಿನ ಮೇಲೆ ಮಾಸಿದ ಒಂದು ಕಂದುಗುರುತು ಕಂಡಿದ್ದಳು, ಕಂಡರೂ ಕಾಣದವಳಂತೆ ಇದ್ದಳು. ಮಗಳಿಗೆ ಗಂಡನ ಮೇಲೆ ಸಿಟ್ಟು. ಆ ಸಿಟ್ಟಿನ ಅರ್ಧ ತನಗೆ ಸೇರಬೇಕಾದದ್ದು ಎಂದು ಹೇಳಿದರೆ ಇದ್ದೊಬ್ಬ ಮಗಳೂ ಕೈಬಿಟ್ಟುಹೋಗುತ್ತಾಳೆ. ಹೇಳದಿದ್ದರೆ ಮಗಳ ಸಂಸಾರ ಒಡೆಯುತ್ತದೆ.

ಈ ಲೆಕ್ಕ ಹಾಕುತ್ತಲೇ ಗರ್ಭಕೋಶ ಹೊಲಿದಳು. ಮದುವೆ ರವಿಕೆಯೊಂದರಲ್ಲಿ ಉಳಿದ ಕೆಂಪು ಮಖಮಲ್ಲು ಗರ್ಭಕೋಶಕ್ಕೆ, ಗುಲಾಬಿ ಸ್ಯಾಟಿನ್ ಲೈನಿಂಗು ಯೋನಿಗೆ. ಅಂಡಾಶಯಕ್ಕೆ ಹತ್ತಿ ತುಂಬಿ ಬಾಯಿ ಹೊಲಿದಳು. ಪ್ಯಾಂಟು ಒಯ್ಯಲು ಬಂದ ಮುದುಕನೊಬ್ಬ ಎರಡು ಕಡೆ ಚಾಚಿದ ಅಂಡನಾಳಗಳನ್ನು ನೋಡಿ, ಗೂಳಿ ತಲೆ ಚೆನ್ನಾಗಿ ಬಂದಿದೆ, ಮೊಮ್ಮಗನಿಗೂ ಒಂದು ಮಾಡಿಕೊಡಮ್ಮ ಎಂದ. ಆಗಲಿ ಎಂದುಬಿಟ್ಟಳು ಪುಣ್ಯಾತ್ಗಿತ್ತಿ. ಪರದೆಯ ಆಚೆ ಮಗಳು ನಕ್ಕ ಸದ್ದಾಯಿತು. ಬಂದಾಗಿನಿಂದ ಅದೇ ಮೊದಲ ನಗು.

ಕೊನೆಗೆ ಉಳಿದದ್ದು ನಾಲ್ಕು ಸಣ್ಣ ತುಂಡುಗಳು. ಯೋನಿಯ ಬಾಯಿಗೆ ಟಿಚ್ ಬಟನ್ನಿನಿಂದ ಹಾಕಿ ತೆಗೆಯುವಂತಿರಬೇಕು ಎಂದು ನರ್ಸಮ್ಮ ಹೇಳಿದ್ದಳು. ಒಂದು ಅರ್ಧಚಂದ್ರದಂತೆ, ಒಂದು ಬಳೆಯಂತೆ, ಒಂದರಲ್ಲಿ ನಾಲ್ಕಾರು ತೂತು. ನಾಲ್ಕನೆಯದೂ ಬಳೆಯೇ, ಅದರ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ. ಕಾಗದದ ನಡುವೆ ಗೆರೆ ಕಂಡರೆ ಟೈಲರಿಗೆ ಅದು ಮಡಿಕೆ ಗೆರೆ, ಬಟ್ಟೆಯನ್ನು ಇಲ್ಲಿ ಮಡಚಿ ಕತ್ತರಿಸು ಎಂಬ ಗುರುತು. ಅವಳು ಹಾಗೆಯೇ ಮಡಚಿ, ಕತ್ತರಿಸಿ, ಇನ್ನೊಂದು ಬಳೆ ಹೊಲಿದಿಟ್ಟಳು. ಒಂದೇ ಥರದ್ದು ಎರಡು ಯಾಕೋ ಎಂದುಕೊಂಡಳು, ಕಳೆದುಹೋದರೆ ಇರಲಿ ಎಂದಿರಬೇಕು.

ಮಾರನೆಯ ಮಧ್ಯಾಹ್ನ ನರ್ಸಮ್ಮ ಬಂದು ಮಖಮಲ್ಲನ್ನು ಸವರಿ ಸವರಿ ಮೆಚ್ಚಿದಳು. ನಾಲ್ಕನೆಯ ತುಂಡನ್ನು ಎತ್ತಿ ಹಿಡಿದು ಮಾತ್ರ, ಇದರ ಪಟ್ಟಿ ಎಲ್ಲಿ ಎಂದಳು.

"ಯಾವ ಪಟ್ಟಿ? ನಡುವಿನ ಗೆರೆ ಮಡಿಕೆ ಗೆರೆ ಅಲ್ವಾ?"

ನರ್ಸಮ್ಮ ನಕ್ಕಳು. ಗೆರೆಯಲ್ಲ, ಅದು ಚರ್ಮ ಎಂದಳು. ಈ ನಾಲ್ಕೂ ಯೋನಿಪೊರೆ. ಜನ ಇದನ್ನು ಕನ್ಯಾಪೊರೆ ಎನ್ನುತ್ತಾರೆ, ಆ ಹೆಸರೇ ತಪ್ಪು, ಇದನ್ನು ನೋಡಿ ಯಾರು ಕನ್ಯೆ ಯಾರು ಅಲ್ಲ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ, ಮೂಗು ಒಬ್ಬೊಬ್ಬರಿಗೆ ಒಂದೊಂದು ಥರ ಇರುವ ಹಾಗೆ ಇದೂ ಎಂದು ಪಾಠದ ಧಾಟಿಯಲ್ಲೇ ಶುರುಮಾಡಿದಳು. ಟೈಲರಮ್ಮ ಎಂದಿನಂತೆ ಬಾಗಿಲ ಕಡೆ ನೋಡುತ್ತಿದ್ದಳು.

"ಕೆಲವರಿಗೆ ಹುಟ್ಟಿನಿಂದಲೇ ನಡುವೆ ಹೀಗೊಂದು ಪಟ್ಟಿ ಇರುತ್ತೆ. ಮುಟ್ಟು ಎಲ್ಲರ ಹಾಗೇ ಬರುತ್ತೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಗಂಡನ ಜೊತೆ ಸೇರುವಾಗ ಗೊತ್ತಾಗೋದು. ಏನೋ ಅಡ್ಡ ಸಿಕ್ಕ ಹಾಗೆ, ಹರಿದ ಹಾಗೆ ನೋವು. ಹುಡುಗಿ ಹಠ ಮಾಡ್ತಾಳೆ ಅಂತ ಮನೆಯವರು ಬೈತಾರೆ. ಡಾಕ್ಟರಮ್ಮ ಜಾಗ ಮರಗಟ್ಟಿಸಿ ಒಂದು ಸಣ್ಣ ಕತ್ತರಿ ಹಾಕಿದ್ರೆ ಮುಗೀತು, ಅವತ್ತೇ ಮನೆಗೆ."

ಟೈಲರಮ್ಮನ ಕಣ್ಣು ಬಾಗಿಲಿನಿಂದ ಮೇಜಿಗೆ ಬಂತು. ಕಂದು ಕಾಗದದ ಮೇಲೆ ಆ ಗೆರೆ ಇತ್ತು. ಅವಳು ಅದರ ಮೇಲೆಯೇ ಮಡಚಿದ್ದಳು.

ಆಗ ಪರದೆ ಸರಿಯಿತು. ಮಗಳು ಹೊರಗೆ ಬಂದು, ತಾಯಿಯ ಕಡೆ ನೋಡದೆ ನೇರವಾಗಿ ನರ್ಸಮ್ಮನನ್ನು ಕೇಳಿದಳು.

"ಮುಟ್ಟಿದ್ರೆ ಕೈಗೆ ಸಿಗುತ್ತಾ ಅದು?"

ನರ್ಸಮ್ಮ ಅವಳ ಮುಖವನ್ನೊಮ್ಮೆ ನೋಡಿದಳು. ಪಾಠದ ಧಾಟಿ ಬಿಟ್ಟಳು. ಸಿಗಬಹುದು, ಆದರೆ ನೋವಿಗೆಲ್ಲ ಇದೇ ಕಾರಣ ಅಂತಲ್ಲ, ಬೇರೆಯೂ ಇರುತ್ತವೆ, ನೋಡದೆ ಹೇಳಲಾಗದು, ನಾಳೆ ಡಾಕ್ಟರಮ್ಮ ಇರುತ್ತಾರೆ ಬಾ ಎಂದಳು. ಹೋಗುವಾಗ ಮಾದರಿಯನ್ನು ಅಲ್ಲೇ ಬಿಟ್ಟು, ಪಟ್ಟಿ ಹಾಕಿ ಆಮೇಲೆ ಕೊಡಿ, ಅವಸರವಿಲ್ಲ ಎಂದಳು.

ಟೈಲರಮ್ಮ ಹಾಡಹಗಲೇ ಅಂಗಡಿಯ ಷಟರನ್ನು ಅರ್ಧ ಇಳಿಸಿದಳು. ರವಿಕೆ ಬಿಗಿಯಾಗುತ್ತಿದೆ ಎಂದು ಬಂದ ಗಿರಾಕಿಯ ಮಾತನ್ನು ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಅನುಮಾನಿಸಿದವಳಲ್ಲ. ಎಲ್ಲಿ ಬಿಗಿ, ಕಂಕುಳಲ್ಲಾ ಎದೆಯಲ್ಲಾ ಎಂದು ಕೇಳಿ, ಬ್ಲೇಡು ಹಿಡಿದು ಹೊಲಿಗೆ ಬಿಚ್ಚಿ, ಸಡಿಲ ಮಾಡಿಕೊಟ್ಟು ಕಳಿಸುವವಳು. ಒಬ್ಬರಿಗೂ ಹಲ್ಲು ಕಚ್ಚಿಕೊಂಡು ಹಾಕಿಕೋ ಎಂದಿರಲಿಲ್ಲ. ಆ ಮಾತನ್ನು ಹೆತ್ತ ಮಗಳಿಗೆಂದೇ ಎತ್ತಿಟ್ಟಿದ್ದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮಗಳು ಮೇಜಿನ ಮೇಲಿನ ಗುಂಡುಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದಳು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದು ಟೈಲರಮ್ಮ ಗೋಡೆಗೆ ಮುಖಮಾಡಿ ಬಾಯಿಬಿಟ್ಟಳು. ಗಂಡನನ್ನು ಬೈಯಬೇಡ, ಅವರು ಬಂದಿದ್ದರು, ಗಟ್ಟಿಯಾಗಿರಿ ಅಂತ ಹೇಳಿದವಳು ನಾನೇ ಎಂದಳು.

"ಗೊತ್ತು," ಎಂದಳು ಮಗಳು. ಸೂಜಿ ಡಬ್ಬಿಗೆ ಬೀಳುತ್ತಲೇ ಇತ್ತು. "ಅವತ್ತೇ ಹೇಳಿದ್ರು. ನಾನು ಕಿರುಚಿಕೊಂಡ ಮೇಲೆ ಕೈ ಬಿಟ್ಟು, ಅಡುಗೆಮನೇಲಿ ಕೂತು ಅತ್ತು ಹೇಳಿದ್ರು."

ಟೈಲರಮ್ಮ ತಿರುಗಿದಳು. ಮತ್ತೆ ಇಷ್ಟು ದಿನ ಒಂದು ಮಾತೂ ಆಡಲಿಲ್ಲವಲ್ಲೇ ಎಂದಳು.

"ಅವರ ಮೇಲೂ ಸಿಟ್ಟಿದೆ. ಯಾರೋ ಹೇಳಿದ್ರು ಅಂತ ಕೈ ಹಿಡಿದು ಎಳೆಯೋದಾ? ಅದನ್ನ ನಾವಿಬ್ಬರೂ ನೋಡ್ಕೋತೀವಿ. ಆದ್ರೆ ಇಲ್ಲಿಗೆ ಬಂದಿದ್ದು ಅವರನ್ನ ಬಿಟ್ಟು ಅಲ್ಲ. ನೀನಾಗೇ ಹೇಳ್ತೀಯೋ ಇಲ್ವೋ ನೋಡೋಣ ಅಂತ ಬಂದೆ."

ತಪ್ಪಾಯ್ತು ಮಗಳೇ ಎಂದು ಟೈಲರಮ್ಮ ಅತ್ತಳು. ಮಗಳು ಹೋಗಲಿ ಬಿಡು ಎನ್ನಲಿಲ್ಲ. ಹತ್ತಿರ ಬಂದು ಕಣ್ಣೊರೆಸಲೂ ಇಲ್ಲ. ಡಬ್ಬಿಯ ಮುಚ್ಚಳ ಹಾಕಿ, ಅಳು ಮುಗಿಯುವವರೆಗೆ ಕಾದಳು.

"ನಾಳೆ ನೀನೂ ಬಾ. ಆದ್ರೆ ಒಳಗೆ ಬರಬೇಡ. ನೀನು ಪಕ್ಕದಲ್ಲಿದ್ರೆ ನಾನು ಡಾಕ್ಟರ ಹತ್ರ ಹೊಟ್ಟೆನೋವು ಅಂದುಬಿಡ್ತೀನಿ."

ಮಾರನೆಯ ದಿನ ಡಾಕ್ಟರಮ್ಮ ನೋಡಿದರು. ನರ್ಸಮ್ಮ ಹೇಳಿದ ಪಟ್ಟಿಯೇ ಇತ್ತು. ಸಣ್ಣ ಕೆಲಸ, ಮುಂದಿನ ವಾರ ಬೆಳಿಗ್ಗೆ ಬಂದರೆ ಮಧ್ಯಾಹ್ನಕ್ಕೆ ಮನೆ ಎಂದರು. ಭಾನುವಾರ ಬಂದ ಅಳಿಯನನ್ನು ಮಗಳು ಹಿಂದಿನ ಕೋಣೆಗೆ ಕರೆದೊಯ್ದು ಏನು ಹೇಳಿದಳೋ, ಅವನು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಒಳಗೆ ಬರದೆ ಹೊರಗಿನ ಬೆಂಚಿನಲ್ಲಿ ಕಾಯುವ ಅಪ್ಪಣೆ ಅವನಿಗೂ ಆಗಿತ್ತು.

ಡಾಕ್ಟರಮ್ಮ ಹೇಳಿದ ಆ ಬೆಳಿಗ್ಗೆ ಆಸ್ಪತ್ರೆಯ ಓಣಿಯಲ್ಲಿ ಉದ್ದದ ಬೆಂಚಿನ ಆ ತುದಿಗೆ ಅಳಿಯ, ಈ ತುದಿಗೆ ಅತ್ತೆ. ನಡುವೆ ಮಗಳ ಚಪ್ಪಲಿ, ನೀರಿನ ಬಾಟಲಿ, ಅವನು ತಂದ ಬ್ರೆಡ್ಡು. ಒಬ್ಬರ ಮುಖ ಒಬ್ಬರು ನೋಡುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ನೀರು ಬೇಕಾ ಅತ್ತೆ ಎಂದ, ಅವಳು ಬೇಡ ಎಂದಳು. ಒಳಗೆ ಮಗಳು ಮಲಗಿದ್ದಾಳೆ. ಸಣ್ಣ ಕೆಲಸವೇ ಇರಬಹುದು, ಆದರೂ ಅವಳ ಕೈ ಹಿಡಿದುಕೊಳ್ಳಲು ಒಬ್ಬರಿರಬೇಕಿತ್ತು. ಆ ಜಾಗ ತನ್ನದಾಗಿತ್ತು, ತಾನೇ ಕಳೆದುಕೊಂಡೆ ಎಂದುಕೊಂಡಳು ಟೈಲರಮ್ಮ. ಸುಮ್ಮನೆ ಕೂತರೆ ಬಾಯಿಬಿಟ್ಟು ಅತ್ತುಬಿಡುತ್ತೇನೆ ಎನಿಸಿ, ಚೀಲದಿಂದ ಮಾದರಿಯನ್ನೂ ಸೂಜಿಯನ್ನೂ ತೆಗೆದು ಪಟ್ಟಿ ಹಾಕಲು ಕೂತಳು. ಗುಲಾಬಿ ಸ್ಯಾಟಿನ್ನಿನ ತೆಳ್ಳಗಿನ ಪಟ್ಟಿ, ಬೆರಳಿನ ಉಗುರಿನಷ್ಟೂ ಅಗಲವಿಲ್ಲ. ಇಷ್ಟಕ್ಕೆ ಮಗಳು ಅಷ್ಟು ಅತ್ತಿದ್ದಳು.

ಎದುರು ಬೆಂಚಿನ ಹೆಂಗಸು ಬಹಳ ಹೊತ್ತು ನೋಡಿದಳು. ಅವಳ ಪಕ್ಕದಲ್ಲಿ ಹದಿಹರೆಯದ ಮಗಳೊಬ್ಬಳು ಮೊಬೈಲಿನಲ್ಲಿ ಮುಳುಗಿದ್ದಳು. ಕೊನೆಗೆ ಹೆಂಗಸು ತಡೆಯಲಾರದೆ, ಚೆನ್ನಾಗಿದೆ, ಏನಮ್ಮಾ ಅದು, ಮಕ್ಕಳ ಆಟದ ಸಾಮಾನಾ ಎಂದು ಕೇಳಿದಳು.

ಹೌದು ಎಂದರೆ ಮುಗಿಯುತ್ತಿತ್ತು. ಮುದುಕನಿಗೆ ಹಾಗೆಯೇ ಹೇಳಿ ಅಭ್ಯಾಸವೂ ಇತ್ತು. ಟೈಲರಮ್ಮ ಸೂಜಿ ನಿಲ್ಲಿಸಿದಳು. ಬೆಂಚಿನ ಆ ತುದಿಯಲ್ಲಿ ಅಳಿಯ ಇದ್ದ, ಓಣಿಯಲ್ಲಿ ಜನ ಓಡಾಡುತ್ತಿದ್ದರು.

"ಅಲ್ಲ," ಎಂದಳು. ಮಾದರಿಯನ್ನು ಅವಳ ಕಡೆ ತಿರುಗಿಸಿ ಹಿಡಿದಳು. "ಇದು ಗರ್ಭಕೋಶ. ಇದು ಯೋನಿ. ಇದರ ಬಾಯಲ್ಲಿ ಒಂದು ಪೊರೆ ಇರುತ್ತೆ. ಕೆಲವರಿಗೆ ಅದರ ನಡುವೆ ಹೀಗೊಂದು ಪಟ್ಟಿ ಬಂದಿರುತ್ತೆ."

ಹೆಂಗಸು ತಟ್ಟನೆ ತನ್ನ ಮಗಳ ಕಡೆ ನೋಡಿದಳು. ಆ ಹುಡುಗಿ ಮೊಬೈಲಿನಿಂದ ತಲೆಯೆತ್ತಿದ್ದಳು. ಹೆಂಗಸಿನ ಮುಖ ಕೆಂಪೇರಿತು, ಎದ್ದು ಹೋಗುವವಳಂತೆ ಚೀಲ ಎತ್ತಿಕೊಂಡಳು. ಆದರೆ ಏಳಲಿಲ್ಲ. ಮುಂದಕ್ಕೆ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದಳು.

"ನೋಯುತ್ತಾ ಅದು?"

ಟೈಲರಮ್ಮ ಮುಚ್ಚಿದ ಬಾಗಿಲ ಕಡೆ ನೋಡಿದಳು.

"ನೋಯುತ್ತೆ," ಎಂದಳು. "ನನ್ನ ಮಗಳು ಹೇಳಿದ್ದಳು."