ಟ್ರಸ್ಟು ಎಲ್ಲಿ ಮಲಗುತ್ತದೆ?

“ನಿಮಗೂ ಟ್ರಸ್ಟಾ? ಟ್ರಸ್ಟು ಮಾಡೋರ ಮನೇಲಿ ಈಜುಕೊಳ ಇರುತ್ತಮ್ಮ. ನಿಮ್ಮನೇಲಿ ಇರೋದೇ ಒಂದು ಬಚ್ಚಲು.”

ನಗರಸಭೆಯ ಅಗ್ಗದ ಮನೆಗಳ ಕಚೇರಿಯಲ್ಲಿ ಹಾರ್ಲನ್ ಸಾಹೇಬ ಹೀಗೆಂದಾಗ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಎಲೋಡಿಯಾ ಅಕ್ಕ ನಗಲಿಲ್ಲ. ಎಲ್ ಸಾಲ್ವಡಾರಿನಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು ಮೂವತ್ತು ವರ್ಷ ಹೋಟೆಲಿನಲ್ಲಿ ಹಾಸಿಗೆ ಹಾಸಿದವಳು ಅವಳು. ಜೊತೆಗೆ ನಾನೂ ಹಾಸಿದ್ದೇನೆ. ಕಮ್ಮಿ ಸಂಬಳದವರಿಗೆಂದು ನಗರಸಭೆ ಮಾರಿದ ಮನೆಗಳು ನಮ್ಮವು. ಒಂದೇ ಕಟ್ಟಡ, ನಡುವೆ ಒಂದೇ ಗೋಡೆ. ಅವಳು ಸೀನಿದರೆ ನಾನು ಇಲ್ಲಿಂದಲೇ ಹರಸುತ್ತೇನೆ.

ಅಕ್ಕನಿಗೆ ಎಪ್ಪತ್ತೊಂದು. ಮಗಳು ನೊಯೆಮಿ ಗಾಲಿಕುರ್ಚಿಯಲ್ಲಿದ್ದಾಳೆ. ಅಕ್ಕ ಹಾಗೇ ಸತ್ತರೆ ಮನೆ ಕೋರ್ಟಿಗೆ ಬೀಳುತ್ತದೆ. ಅದು ತೀರುವಷ್ಟರಲ್ಲಿ ಮಗಳು ಬೀದಿಯಲ್ಲಿರುತ್ತಾಳೆ. ಬದುಕಿರುವಾಗಲೇ ಮನೆಯನ್ನು ಕುಟುಂಬದ ಟ್ರಸ್ಟಿಗೆ ಬರೆದರೆ ಆ ಕಾಟವಿಲ್ಲ ಎಂದು ನಮ್ಮ ಹೋಟೆಲ್ ಕೆಲಸಗಾರರ ಸಂಘದ ವಕೀಲ ಕಾಗದ ಮಾಡಿಕೊಟ್ಟಿದ್ದ. ನಗರಸಭೆ ಮಾರಿದ ಮನೆಯಾದ್ದರಿಂದ ಸಾಹೇಬನ ಒಪ್ಪಿಗೆಯೊಂದೇ ಬಾಕಿ.

“ಮಾಲೀಕರ ಆದಾಯ ಕಮ್ಮಿ ಇರಬೇಕು. ಟ್ರಸ್ಟಿನ ಮೂರು ತಿಂಗಳ ಸಂಬಳದ ಚೀಟಿ ಎಲ್ಲಿ?” ಅಂದ ಸಾಹೇಬ.

“ಅದು ಕಾಗ್ದ ಕಣ್ ಸಾಮಿ,” ಅಂದಳು ಅಕ್ಕ. “ಕಾಗ್ದ ಎಲ್ಲಿ ಕೆಲ್ಸಕ್ಕೋಯ್ತದೆ?”

“ಹಾಗಾದ್ರೆ ಕೆಲಸ ಇಲ್ಲ ಅಂತ ಬರೀಲಾ?”

“ಬರ್ಕೋ. ನಿನ್ನಂಗೇ ಕುಂತಿರ್ತದೆ ಬೆಳಗಿಂದ ಸಂಜೆಗಂಟ.”

ಸಾಲು ಮತ್ತೆ ನಕ್ಕಿತು. ಸಾಹೇಬನ ಕಿವಿ ಕೆಂಪಾಯಿತು.

“ಮಾಲೀಕರು ಆ ಮನೇಲೇ ವಾಸ ಮಾಡಬೇಕು. ಟ್ರಸ್ಟು ಮಾಲೀಕ ಆದ್ರೆ ಟ್ರಸ್ಟೇ ಇರಬೇಕು. ಎಲ್ಲಿ ಮಲಗುತ್ತೆ ನಿಮ್ಮ ಟ್ರಸ್ಟು? ಗುರುವಾರ ಬರ್ತೀನಿ. ತೋರಿಸದಿದ್ರೆ ಅರ್ಜಿ ವಜಾ.”

ಬಸ್ಸಿನಲ್ಲಿ ನಾನು ಕುದಿಯುತ್ತಿದ್ದೆ. “ಬೋಳಿಮಗ! ಗುಡ್ಡದ್ ಮ್ಯಾಲಿನ ಬಂಗ್ಲೆಯೋರಿಗೆ ಒಂದೊಂದ್ ಟ್ರಸ್ಟಿಗೂ ಮೂರ್ಮೂರು ಮನೆ. ಅವೆಲ್ ಮಲಗ್ತವೆ ಅಂತ ಯಾವನಾರ ಕೇಳವ್ನಾ?”

“ಸುಮ್ಕಿರು ತಂಗಿ,” ಅಂದಳು ಅಕ್ಕ. “ಹಾಸ್ಗೆ ಹಾಸೋದು ನಮ್ಗೇನ್ ಹೊಸ್ದಾ?”

ಗುರುವಾರ ಹಾರ್ಲನ್ ಬಂದಾಗ ಮೆಟ್ಟಿಲ ತುಂಬ ನಮ್ಮ ಕಟ್ಟಡದವರೇ. ಬಾಗಿಲಲ್ಲಿ ನೊಯೆಮಿ ತುಟಿಗೆ ಬೆರಳಿಟ್ಟಳು.

“ಶ್! ಮಾಲೀಕ್ರು ಮಲಗವ್ರೆ.”

ಒಳಗೆ ಅಕ್ಕ ತನ್ನ ಮಂಚವನ್ನೇ ಬಿಟ್ಟುಕೊಟ್ಟಿದ್ದಳು. ಬಿಳಿ ದುಪ್ಪಟಿ, ನಾಲ್ಕು ಮೂಲೆಯೂ ಬಿಗಿ. ದಿಂಬಿನ ಮೇಲೆ ಟ್ರಸ್ಟಿನ ನೀಲಿ ಕಡತ. ಕುತ್ತಿಗೆ ಇರಬೇಕಾದ ಕಡೆಯವರೆಗೂ ಕಂಬಳಿ. ಮಗ್ಗುಲಲ್ಲಿ ಬಿಸಿ ಪುಪುಸಾ ರೊಟ್ಟಿ, ಕಾಫಿ. ಮಂಚದ ಕೆಳಗೆ ಒಂದು ಜೊತೆ ಚಪ್ಪಲಿ.

ಹಾರ್ಲನ್ ಕಂಬಳಿ ಎಳೆಯಲು ಕೈ ಚಾಚಿದ.

“ಮುಟ್ಬೇಡ!” ಅಕ್ಕ ಅಡ್ಡ ನಿಂತಳು. “ಮೊದ್ಲು ಬೂಟ್ ಬಿಚ್ಚು. ಆಮೇಕೆ ಟ್ರಸ್ಟು ಇಲ್ಲೇ ಮಲಗೈತೆ ಅಂತ ಬರ್ದು ಸೈ ಹಾಕು.”

“ಇದು ಸರ್ಕಾರಕ್ಕೆ ಅವಮಾನ!”

“ನೀನ್ ಕೇಳ್ದೆ, ನಾನ್ ತೋರಿಸ್ದೆ. ಅವಮಾನ ಯಾರ್ದು?”

ಮೆಟ್ಟಿಲ ಮೇಲೆ ಒಬ್ಬರೂ ನಗಲಿಲ್ಲ. ಹಾರ್ಲನ್ ಬಗ್ಗಿ ಬೂಟಿನ ದಾರಕ್ಕೆ ಕೈ ಹಾಕಿದ. ಬಿಚ್ಚುವುದಕ್ಕೋ, ಬಿಗಿದುಕೊಂಡು ಓಡುವುದಕ್ಕೋ ಗೊತ್ತಾಗಲಿಲ್ಲ.

ನೊಯೆಮಿ ಗಾಲಿಕುರ್ಚಿಯನ್ನು ಹೊಸ್ತಿಲಿಗೆ ಅಡ್ಡ ತಿರುಗಿಸಿ ಬ್ರೇಕು ಹಾಕಿದಳು.