ಎತ್ತರದ ಬೆಂಚು

"ಬಿಡಬ್ಯಾಡ ಅಲ್ತಾಫ್. ಬಿಟ್ಟಿ ಅಂದ್ರ ಅದು ಸೀದಾ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ತದ," ಎಂದ ಬಸವಕುಮಾರ.

ಅಲ್ತಾಫ್ ಬಿಡಲಿಲ್ಲ. ಬೈಕ್ ರಿಪೇರಿ ಮಾಡಿ ಗಟ್ಟಿಯಾದ ಕೈ ಅವನದು. ಹಾಸುಗಲ್ಲಿನ ಇನ್ನೊಂದು ತುದಿಯಲ್ಲಿದ್ದ ಬಸವಕುಮಾರನಿಗೆ ಕೈಗಿಂತ ಬಾಯಿಗೇ ಕೆಲಸ ಹೆಚ್ಚು. ಕಸ್ತೂರಿ ಹಾರೆ ಕೊಟ್ಟು ಒಂದಿಷ್ಟು ಜರುಗಿಸಿದಳು. ಕಲ್ಲು ಧಪ್ಪೆಂದು ಕೂತಿತು. ಮೇಲಿನಿಂದ ಉದುರುತ್ತಿದ್ದ ಗರಸು ಮಣ್ಣು ನಿಂತೇಬಿಟ್ಟಿತು.

ಸುರಪುರದ ಹಿಂದಿನ ಈ ಗುಡ್ಡದ ಕಾಲುದಾರಿ ಮಳೆಗೆ ಕುಸಿದಿತ್ತು. ಸರಿಮಾಡುತ್ತೇವೆಂದು ಭಾನುವಾರ ಅಂಗಡಿ ಮುಚ್ಚಿ ಬಂದ ಈ ಮೂವರು ಬೆಳಗಿನಿಂದ ಇಟ್ಟ ಕಲ್ಲೆಲ್ಲ ಜಾರಿ ಕೆಳಗೆ ಹೋಗಿದ್ದವು. ಕೊನೆಗೆ ಸಿಕ್ಕಿದ್ದು ಈ ಹಾಸುಗಲ್ಲು. ತಿರುವಿನಲ್ಲಿ ನೆಟ್ಟ ಎರಡು ಕಲ್ಲುಗಳ ಮೇಲೆ, ಎದೆಮಟ್ಟದಲ್ಲಿ ಸುಮ್ಮನೆ ಮಲಗಿತ್ತು.

"ಇಷ್ಟು ಎತ್ತರದ ಬೆಂಚಿನ ಮ್ಯಾಲ ಕುಂಡ್ರವರು ಯಾರು, ಆನಿ?" ಎಂದು ಬಸವಕುಮಾರನೇ ಅದನ್ನು ಇಳಿಸಿದ್ದ.

ಈಗ ಗುಡ್ಡದ ಮೇಲೆ ಆಡು ಸಾಕುವ ಗೊಲ್ಲಾಳಮ್ಮ ತಲೆಯ ಮೇಲೆ ಹಸಿ ಹುಲ್ಲಿನ ಹೊರೆ ಹೊತ್ತು ಏರಿ ಬಂದಳು. ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡೇ ಬಗ್ಗಿ, ಹೊರೆ ಜಾರಿಸಹೊರಟವಳು ತಟ್ಟನೆ ತಡೆದು ನಿಂತಳು. ನೆಟ್ಟ ಕಲ್ಲುಗಳೆರಡೇ ಇದ್ದವು.

"ನನ್ನ ಕಲ್ಲು ಎಲ್ಲದ?"

ಮೂವರೂ ತಮ್ಮ ಕಾಲ ಕೆಳಗೆ ನೋಡಿದರು.

"ಅದು ಯಾರದಂತ ಗೊತ್ತಿರಲಿಲ್ಲರಿ ಅಮ್ಮಾ," ಎಂದ ಅಲ್ತಾಫ್.

"ಹೊರಿ ಹೊತ್ತವರದು. ಅದರ ಮ್ಯಾಲ ಇಳಿಸಿ ಉಸಿರು ತಗೋತೀನಿ, ಮತ್ತ ಹೊರಿ ಬುಡಕ ತಲಿ ಕೊಟ್ಟು ಏಳ್ತೀನಿ. ನೆಲಕ್ಕ ಇಳಿಸಿದ್ರ ಒಬ್ಬಾಕೀಗೆ ಎತ್ತಾಕ ಆಗ್ತದೇನು? ಮ್ಯಾಲ ಆಡು ಕಟ್ಟಿ ಬಂದೀನಿ."

"ಈಗ ನಾವು ಇಳಸ್ತೀವಿ, ನಾವೇ ಹೊರಸ್ತೀವಿ," ಎಂದು ಬಸವಕುಮಾರ ಮುಂದೆ ಬಂದ.

"ಕೈ ಹಚ್ಚಬ್ಯಾಡ. ಈಗ ನೀ ಇದ್ದಿ. ನಾಳಿಗೆ?"

"ಮುಂದಿನ ಐತವಾರ ಸಿಮೆಂಟಿಂದು ಒಂದು ಕಟ್ಟಿ ಕಟ್ತೀವಿ," ಎಂದ ಅಲ್ತಾಫ್.

"ಅಲ್ಲೀತನಕ ಆಡಿಗೆ ನಿಮ್ಮ ಸಿಮೆಂಟಿನ ಚೀಲ ಹಾಕ್ಲಿ?"

ಕಸ್ತೂರಿ ಹಾರೆಯನ್ನು ಹಾಸುಗಲ್ಲಿನ ಅಡಿಗೆ ಕೊಟ್ಟು ಮೆಲ್ಲಗೆ ಎತ್ತಿ ನೋಡಿದಳು. ಬುಟ್ಟಿಯಷ್ಟು ಮಣ್ಣು ಸರ್ರನೆ ಇಳಿದು ಅವಳ ಚಪ್ಪಲಿ ಮುಚ್ಚಿತು. ಹಾರೆ ಹಿಂದಕ್ಕೆ ಎಳೆದುಕೊಂಡಳು.

"ಯವ್ವಾ, ಇದು ತಗದ್ರ ದಾರಿನೇ ಹೋಗ್ತದ."

"ಮೊದಲೂ ಹೋಗಿತ್ತಲ್ಲ. ನಾ ದಾಟಿಕೊಂಡೇ ಬರ್ತಿದ್ದೆ."

ಹುಲ್ಲಿನಿಂದ ನೀರು ತೊಟ್ಟಿಕ್ಕಿ ಗೊಲ್ಲಾಳಮ್ಮನ ಕಿವಿಯ ಹಿಂದೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಕಸ್ತೂರಿ ಹತ್ತಿರ ಬಂದಳು. "ನನ್ನ ಗಾಜಿನ ಬಳಿ ಅಂಗಡಿ ಇಲ್ಲೇ ಕೆಳಗ ಅದರಿ. ದಿನಾ ನಾನೇ ಬಂದು ನಿಮ್ಮ ಹೊರಿ ಮ್ಯಾಲತನಕ ಹೊತ್ತು ಕೊಡ್ತೀನಿ. ಮಳಿ ಇರ್ಲಿ, ಬಿಸಿಲಿರ್ಲಿ. ಮಾತು ಕೊಟ್ಟೆ."

ಗೊಲ್ಲಾಳಮ್ಮ ಕತ್ತು ತಿರುಗಿಸಲಾಗದೆ ಕಣ್ಣಷ್ಟೇ ಹೊರಳಿಸಿ ಅವಳನ್ನು ನೋಡಿದಳು.

"ಒಲ್ಲೆ," ಎಂದಳು. "ಕಲ್ಲಿದ್ದಾಗ ನಾ ಯಾರ ದಾರಿನೂ ಕಾಯ್ತಿರಲಿಲ್ಲ."