ಶಿವಪುತ್ರಪ್ಪನ ತಲೆದಿಂಬು

ನಾನು ಒಂದು ತಲೆದಿಂಬು. ಈಗ ನನ್ನನ್ನು ನೋಡಿದವರು ದಿಂಬು ಎನ್ನಲಿಕ್ಕಿಲ್ಲ. ಅದು ಹೇಗಾಯಿತು ಅನ್ನುವುದನ್ನೇ ಹೇಳಬೇಕಾಗಿದೆ.

ಅಣ್ಣಿಗೇರಿಯ ಒಂದು ಮನೆಯ ಅಂಗಳದಲ್ಲಿ, ಹತ್ತಿ ಹಿಂಜುವ ಹುಸೇನಸಾಬ ನದಾಫರ ಬಿಲ್ಲಿನ ಕೆಳಗೆ ನಾನು ಹುಟ್ಟಿದೆ. ಆ ಮನೆಯ ಮಗಳು ದಾನವ್ವನ ಮದುವೆಗೆಂದು ಗಾದಿ, ದಿಂಬು ಮಾಡಿಸುತ್ತಿದ್ದರು. ಹುಸೇನಸಾಬರಿಗೆ ಆಗ ಮೀಸೆ ಚಿಗುರುವ ವಯಸ್ಸು. ಆಳೆತ್ತರದ ಬಿಲ್ಲನ್ನು ಹತ್ತಿಯ ಮೇಲೆ ಹಿಡಿದು ಅದರ ಹುರಿಗೆ ಕಟ್ಟಿಗೆಯ ಕೊಡತಿಯಿಂದ ಹೊಡೆಯುತ್ತಿದ್ದರು. ಹುರಿ ಅದುರಿದಂತೆಲ್ಲ ಗಂಟುಗಟ್ಟಿದ ಹತ್ತಿ ಬಿಡಿಸಿಕೊಂಡು ಹಾರುತ್ತಿತ್ತು. ಹಾಗೆ ಹಾರಿ ಕೆಳಗೆ ಬಿದ್ದದ್ದೇ ನನ್ನ ಮೊದಲ ನೆನಪು. ಆಮೇಲೆ ಕೆಂಪು ಪಟ್ಟಿಯ ಚೀಲದಲ್ಲಿ ತುಂಬಿ ಬಾಯಿ ಹೊಲಿದರು. ಅಲ್ಲಿಗೆ ಬೆಳಕು ಮುಗಿಯಿತು.

ದಾನವ್ವನ ಗಂಡ ಶಿವಪುತ್ರಪ್ಪ ಗದಗಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲಿನ ಫಿಟ್ಟರ್. ಮನೆ ಮಿಲ್ಲಿನ ಗೋಡೆಗೆ ಅಂಟಿಕೊಂಡೇ ಇತ್ತು. ನನ್ನನ್ನು ಮೊದಲು ತಲೆಯಡಿ ಇಟ್ಟುಕೊಂಡವಳು ಶಿವಪುತ್ರಪ್ಪನವರ ಅವ್ವ. ಮದುವೆಯ ಗಾಡಿಯಿಂದ ಇಳಿಸುವಾಗಲೇ, "ಹೊಸಾ ದಿಂಬು ನನಗಿರ್ಲಿ. ನಿಮಗ ಹೆಂಗೂ ಇನ್ನೊಂದು ವರ್ಷ ನಿದ್ದಿ ಇಲ್ಲ" ಎಂದು ಎತ್ತಿಕೊಂಡು ಹೋದಳು. ಹೆಂಗಸರೆಲ್ಲ ನಕ್ಕರು. ಮುದುಕಿ ಕಲ್ಲಿನ ಹಾಗೆ ಮಲಗುತ್ತಿದ್ದಳು. ಆಮೇಲೆ ದಾನವ್ವನ ಮಗಳು ಕಸ್ತೂರಿಯ ತಲೆ ಬಂತು, ಕಿವಿಗೆ ಬಿಟ್ಟ ಎಣ್ಣೆಯ ಕಲೆ ಬಂತು. ಅವಳು ಗಂಡನ ಮನೆಗೆ ಹೋದ ಮೇಲೆ ನಾನು ಶಿವಪುತ್ರಪ್ಪನವರ ಪಾಲಿಗೆ ಬಂದೆ.

ದಿಂಬಿಗೆ ಮನುಷ್ಯರ ಮುಖ ಕಾಣುವುದಿಲ್ಲ. ಹಿಂದಲೆ, ಕಿವಿ, ಒಂದು ಕೆನ್ನೆ, ಇಷ್ಟೇ. ಆದರೆ ಒಂದು ಗೊತ್ತಾಗುತ್ತದೆ. ಎಚ್ಚರಿದ್ದವನ ತಲೆಯನ್ನು ಕುತ್ತಿಗೆ ಹಿಡಿದುಕೊಂಡಿರುತ್ತದೆ. ನಿದ್ದೆ ಹತ್ತಿದಾಗ ಕುತ್ತಿಗೆ ಕೈಬಿಡುತ್ತದೆ, ಅಷ್ಟೂ ಭಾರ ನಮ್ಮ ಮೇಲೆ ಬೀಳುತ್ತದೆ.

ಮಿಲ್ಲು ಗರಗರ ಎನ್ನುತ್ತಿದ್ದ ದಿನಗಳಲ್ಲಿ ಶಿವಪುತ್ರಪ್ಪನವರ ತಲೆ ಬಂದ ಕೂಡಲೇ ಭಾರವಾಗುತ್ತಿತ್ತು. ಮಿಲ್ಲು ಮುಚ್ಚಿತು. ಓಣಿಯೆಲ್ಲ ಗಪ್ಪಾಯಿತು. ಆಗ ಅವರು ಕಿವಿಯನ್ನು ನನಗೆ ಒತ್ತಿ ಮಲಗಿದಾಗ ಒಳಗೆ ಏನೋ ಕುಟ್ಟುವುದು ಕೇಳಿತು. ಅದು ಅವರದೇ ಎದೆಬಡಿತ. ಮೊದಲೂ ಇತ್ತು, ಮಿಲ್ಲಿನ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ನಡುವೆ ಒಂದು ಪೆಟ್ಟು ತಪ್ಪಿದಂತಾಯಿತು ಎಂದು ಎದ್ದು ಕೂತರು.

ಅದೇ ವಾರ ಅಳಿಯ ಫೋನಿಗೆ ಒಂದು ವಿಡಿಯೋ ಕಳಿಸಿದ. ನಿದ್ದೆಗೆಟ್ಟವರ ಹೃದಯ ತಟ್ಟನೆ ನಿಲ್ಲುತ್ತದೆ ಎಂದು ಯಾರೋ ಅದರಲ್ಲಿ ಹೇಳುತ್ತಿದ್ದರು. ಅಲ್ಲಿಂದ ಶಿವಪುತ್ರಪ್ಪನವರಿಗೆ ಮಲಗುವುದೇ ಒಂದು ಕೆಲಸವಾಯಿತು. ಜಾಯಿಕಾಯಿ ತೇಯ್ದ ಹಾಲು ಕುಡಿದರು. ದಾನವ್ವ ಕಂಚಿನ ಬಟ್ಟಲಿನಿಂದ ಅಂಗಾಲು ತಿಕ್ಕಿದಳು. ನನ್ನ ಕೆಳಗೆ ಕುಡಗೋಲು ಇಟ್ಟರು, ನಿಂಬೆಹಣ್ಣು ಇಟ್ಟರು, ಒಮ್ಮೆ ಉಳ್ಳಾಗಡ್ಡಿ. ಎಲ್ಲದರ ಮೇಲೂ ನಾನು ಕೂತೆ. ಅದು ಒಳ್ಳೆಯದು, ಇದು ಕೆಟ್ಟದ್ದು ಎಂದು ನನಗೇನೂ ಅನ್ನಿಸಲಿಲ್ಲ.

ಡಾಕ್ಟರು ಎದೆಯ ಇಸಿಜಿ ತೆಗೆಸಿ ಏನೂ ಇಲ್ಲ ಎಂದರು. ಎಚ್ಚರಿದ್ದಾಗ ನೋಡಿದರೆ ಏನು ತಿಳಿಯುತ್ತದೆ ಎಂದು ಶಿವಪುತ್ರಪ್ಪ ಮನೆಗೆ ಬಂದು ಗೊಣಗಿದರು. ಅಳಿಯ ನಿದ್ದೆ ಅಳೆಯುವ ಕೈಗಡಿಯಾರ ತಂದುಕೊಟ್ಟ. ಎದ್ದ ಕೂಡಲೇ ಅದನ್ನು ನೋಡುವುದು, ಕಡಿಮೆ ತೋರಿಸಿದರೆ ದಿನವಿಡೀ ಎದೆಯ ಮೇಲೆ ಕೈ. ಹೆಚ್ಚು ತೋರಿಸಿದರೆ ಗಡಿಯಾರ ಕೆಟ್ಟಿದೆ.

"ರೆಪ್ಪಿಗೆ ರೆಪ್ಪಿ ಹತ್ತಿಲ್ಲ ನೋಡು" ಎನ್ನುವರು ಬೆಳಿಗ್ಗೆ.

"ಹಂಗಾರ ಗೊರಕಿ ಹೊಡದೋರು ಯಾರು, ಮಗ್ಗಲ ಮನಿಯವ್ರೇನು?" ಎನ್ನುವಳು ದಾನವ್ವ.

ಅವಳ ಮಾತು ಖರೆ. ನಡುನಡುವೆ ಆ ತಲೆ ಭಾರವಾಗಿದ್ದು ನನಗೆ ಗೊತ್ತು. ಅವರಿಗೆ ಗೊತ್ತಿರಲಿಲ್ಲ. ಎದೆ ನಿಂತರೆ ಎಬ್ಬಿಸು ಎಂದು ಹೆಂಡತಿಯನ್ನು ಕಾಯಲು ಹಚ್ಚುತ್ತಿದ್ದರು. ನಿದ್ದೆಗೆಟ್ಟು ಒಣಗಿದವಳು ಅವಳು. ಒಲೆಯ ಮುಂದೆ ಕೂತಲ್ಲೇ ತೂಕಡಿಸಿ ಒಮ್ಮೆ ಕೈ ಸುಟ್ಟುಕೊಂಡಳು.

ಕಡೆಗೆ ತಪ್ಪು ನನ್ನ ಮೇಲೆ ಬಂತು. ದಿಂಬು ಗಂಟುಗಟ್ಟಿದೆ, ಅದಕ್ಕೇ ಕಿವಿಗೆ ಕುಟ್ಟುತ್ತದೆ ಎಂದರು. ಯುಗಾದಿ ಮುಗಿದ ಮೇಲೆ ಬಿಲ್ಲು ಹೊತ್ತು ಹೊರಟಿದ್ದ ಹುಸೇನಸಾಬರನ್ನು ದಾನವ್ವ ಕರೆದಳು. ಅವರ ಗಡ್ಡ ಬೆಳ್ಳಗಾಗಿತ್ತು. ಹೊಲಿಗೆ ನೋಡಿ, ಪಟ್ಟಿ ನೋಡಿ, ಇದು ನನ್ನ ಕೈಯದೇ ಎಂದರು.

ಹೊಲಿಗೆ ಬಿಚ್ಚಿದರು. ಬೇವಿನ ನೆರಳಿನಲ್ಲಿ ನನ್ನನ್ನು ಸುರುವಿ ಹಿಂಜತೊಡಗಿದರು. ಒಂದು ಗಂಟೂ ಉಳಿಯಬಾರದು ಎಂದು ಶಿವಪುತ್ರಪ್ಪ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಗಡಿಯಾರ ಒಳಗೆ ಚಾರ್ಜಿಗೆ ಇತ್ತು. ಟಂಯ್ ಟಂಯ್ ಎಂದು ಬಿಲ್ಲು ಓಣಿ ತುಂಬಿತು. ನಾನು ಮೇಲೆ ಹಾರಿದೆ. ಆಗ ಮೊದಲ ಸಲ ಅವರ ಮುಖ ಕಂಡೆ. ಗಲ್ಲ ಎದೆಗೆ ಬಿದ್ದಿತ್ತು. ಬಾಯಿ ತುಸು ತೆರೆದಿತ್ತು.

ಕೆಲಸ ಮುಗಿದು ಹುಸೇನಸಾಬರು ಕೊಡತಿ ಕೆಳಗಿಟ್ಟರು. ಸದ್ದು ನಿಂತಿತು, ಶಿವಪುತ್ರಪ್ಪನವರ ರೆಪ್ಪೆ ಅಲುಗಿತು. ಬಾಗಿಲಲ್ಲಿ ನಿಂತಿದ್ದ ದಾನವ್ವ, ನಿಲ್ಲಿಸಬೇಡಿ ಎಂದು ಕೈ ಮಾಡಿದಳು.

ಹುಸೇನಸಾಬರು ಮತ್ತೆ ಹೊಡೆಯುತ್ತಲೇ ತಗ್ಗಿದ ದನಿಯಲ್ಲಿ ಹೇಳಿದರು. "ಇನ್ನ ಹೊಡದ್ರ ಎಳಿ ತುಂಡಾಗ್ತಾವ್ರಿ ಅಕ್ಕಾರ. ದಿಂಬು ಉಳಿಯೂದಿಲ್ಲ."

"ಹೋಗ್ಲಿ ಬಿಡ್ರಿ. ಹೊಡೀರಿ."

ಹೊಡೆದರು. ನನ್ನ ಎಳೆಗಳು ಮುರಿದವು, ಧೂಳಾಗಿ ಎದ್ದವು. ನೋವು ಆಗಿರಬೇಕು, ನನಗೆ ತಿಳಿಯಲಿಲ್ಲ. ದಾನವ್ವ ಹೊಸ್ತಿಲ ಪಕ್ಕದ ಗೋಡೆಗೆ ಒರಗಿ ಕೂತಳು. ಅವಳ ಕುತ್ತಿಗೆಯೂ ಕೈಬಿಟ್ಟಿತು. ಹುಸೇನಸಾಬರು ಇಬ್ಬರನ್ನೂ ನೋಡಿದರು. ಕೈ ಬದಲಿಸಿ ಹೊಡೆದರು, ತೋಳು ಸೋತು ಬೀಳುವ ತನಕ ಹೊಡೆದರು.

ಸದ್ದು ನಿಂತಾಗ ಶಿವಪುತ್ರಪ್ಪ ಕಣ್ಣು ಬಿಟ್ಟರು. "ಇನ್ನೂ ಆಗ್ಲಿಲ್ಲೇನು?" ಎಂದರು. ಕೂತಾಗ ಇದ್ದ ನೆರಳು ಆಚೆ ಹೋಗಿತ್ತು, ಪಾದದ ಮೇಲೆ ಬಿಸಿಲಿತ್ತು. ಮುಂಗೈ ಮೇಲೆ ನನ್ನ ಧೂಳು ಬೆಳ್ಳಗೆ ಕೂತಿತ್ತು, ಒಂದು ಗೆರೆಯೂ ಅಳಿಸಿರಲಿಲ್ಲ; ಅಷ್ಟು ಹೊತ್ತು ಆ ಕೈ ಎದೆಗೆ ಹೋಗಿರಲೇ ಇಲ್ಲ. ಬಹಳ ಹೊತ್ತು ಅದನ್ನೇ ನೋಡಿದರು.

"ಮಲಗಿರಲಿಲ್ಲ ನಾ. ಕಣ್ಣ ಮುಚ್ಚಿ ಕುಂತಿದ್ನಿ."

ದಾನವ್ವ ಕಣ್ಣುಜ್ಜಿಕೊಂಡಳು. ಈ ಸಲ ಗೊರಕೆಯ ಮಾತು ತೆಗೆಯಲಿಲ್ಲ. "ಹೌದ್ರಿ, ಕುಂತಿದ್ರಿ" ಎಂದಳು.

ಉಳಿದ ಚೂರು ಹತ್ತಿಯಿಂದ ಹುಸೇನಸಾಬರು ಆ ಕುರ್ಚಿಗೆ ಒಂದು ಸಣ್ಣ ಮೆತ್ತೆ ಹೊಲಿದುಕೊಟ್ಟರು. ಅದೇ ಈಗಿನ ನಾನು. ರೊಟ್ಟಿಯಷ್ಟು ತೆಳ್ಳಗಾಗಿದ್ದೇನೆ. ಹಾಸಿಗೆಯಲ್ಲಿ ಬೇರೆ ದಿಂಬು ಇದೆ, ಅಲ್ಲಿಯ ಸುದ್ದಿ ನನಗೆ ಗೊತ್ತಿಲ್ಲ. ಗಡಿಯಾರ ಗೋಡೆಯ ಮಾಡದಲ್ಲಿ ಕಪ್ಪಗೆ ಬಿದ್ದಿದೆ. ಎದೆ ನಿಲ್ಲುತ್ತದೆ ಎಂದು ಹೆದರಿದವರು ಮುದುಕರಾಗಿದ್ದಾರೆ. ಹೆದರಿಕೆ ಪೂರ್ತಿ ಹೋಗಿಲ್ಲ, ಆಗಾಗ ಕೈ ಎದೆಗೆ ಹೋಗುತ್ತದೆ.

ಊಟವಾದ ಮೇಲೆ ಬೇವಿನ ಕೆಳಗೆ ಬಂದು ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಮೈಯ ಭಾರವೆಲ್ಲ ನನ್ನ ಮೇಲೆ ಇಳಿಯುತ್ತದೆ. ಎದ್ದಾಗ, ನಿದ್ದೆ ಬಂದಿತ್ತೇನು ಎಂದು ಅವರು ಕೇಳುವುದಿಲ್ಲ. ದಾನವ್ವ ಚಹಾ ತಂದು ಇಡುತ್ತಾಳೆ.